ಕೂರಿಸಿದ್ದಾಯಿತು, ಬಿಡುವುದೆಲ್ಲಿ?: ಮುಂಬೈ ಗಣಪನ ಪಿಒಪಿ ಗೊಂದಲ

2025ರ ಫೆಬ್ರವರಿಯಲ್ಲಿ ಕಾಂದಿವಲಿ, ಬೊರಿವಲಿ ಕಡೆಯ ಕೆಲವು ಮಾಘಿ ಗಣಪತಿಗಳು (ಮಾಘ ಮಾಸದ ಗಣೇಶ ಜಯಂತಿಗೆ ಕೂರಿಸುವವು) ಮೆರವಣಿಗೆ ಹೊರಟು, ಕಡಲು ಮುಟ್ಟದೆ ವಾಪಸು ಬಂದವು. ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ) ಮೂರ್ತಿಯನ್ನು ಸಮುದ್ರಕ್ಕೆ ಬಿಡುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಿತ್ತು. ಆ ಎತ್ತರದ ಮೂರ್ತಿ ಮುಳುಗುವ ಕೃತಕ ಕೊಳ ಸುತ್ತಮುತ್ತ ಇರಲಿಲ್ಲ. ಉತ್ಸವ ನಡೆಸುವ ಮಂಡಳಗಳು ಮೂರ್ತಿಗೆ ಬಟ್ಟೆ ಹೊದಿಸಿ ನಿಲ್ಲಿಸಿಕೊಂಡವು. ಕೆಲವಕ್ಕೆ ಕಡಲು ಸಿಕ್ಕಿದ್ದು ಆಗಸ್ಟ್‌ನಲ್ಲಿ, ಭಾದ್ರಪದದ ಗಣಪತಿ ಮನೆ ಬಾಗಿಲಿಗೆ ಬರುವ ಹೊತ್ತಿಗೆ.

ಅಷ್ಟರೊಳಗೆ ನಿಯಮ ಎರಡು ಸಲ ಬದಲಾಗಿತ್ತು. ಜನವರಿಯಲ್ಲಿ ಪಿಒಪಿ ಬೇಡ ಎಂದಾಯಿತು. ಜೂನ್‌ನಲ್ಲಿ ಮಾಡಬಹುದು, ಮಾರಬಹುದು, ಆದರೆ ಹೊಳೆ ಕಡಲಿಗೆ ಬಿಡುವಂತಿಲ್ಲ ಎಂದಾಯಿತು. ಜುಲೈನಲ್ಲಿ ಆರು ಅಡಿಯವರೆಗಿನದು ಕೃತಕ ಕೊಳಕ್ಕೆ, ಅದಕ್ಕಿಂತ ದೊಡ್ಡದಕ್ಕೆ ವಿನಾಯಿತಿ ಎಂದಾಯಿತು. ಡೊಂಬಿವಲಿ, ಥಾಣೆ, ಮಾಟುಂಗಾದ ಕನ್ನಡ ಮನೆಗಳಲ್ಲಿ ಗೊಂದಲ ಇನ್ನೂ ಒಂದು ಸುತ್ತು ಹೆಚ್ಚು. ಊರಿನಿಂದ ಫೋನ್ ಮಾಡುವ ನೆಂಟರು ಕರ್ನಾಟಕದ ನಿಯಮ ಹೇಳುತ್ತಾರೆ. ಅಲ್ಲಿ ಕೆರೆ, ಬಾವಿಗೆ ಪಿಒಪಿ ಬಿಡುವುದನ್ನು 2016ರಲ್ಲೇ ನಿಷೇಧಿಸಲಾಗಿದೆ. ಇಲ್ಲಿ ಅಂಗಡಿಯವನು ‘ಕೋರ್ಟೇ ಬಿಟ್ಟಿದೆಯಲ್ಲ’ ಅನ್ನುತ್ತಾನೆ. ಇಬ್ಬರು ಹೇಳುವುದೂ ಅರ್ಧರ್ಧ ಸರಿ.

ಈ ಜಗಳವನ್ನು ಮಣ್ಣು ಮತ್ತು ಪ್ಲಾಸ್ಟರ್ ನಡುವಿನದು ಎಂದು ನೋಡಿದರೆ ಯಾವ ಆದೇಶಕ್ಕೂ ತಲೆಬುಡ ತಿಳಿಯುವುದಿಲ್ಲ. ಮೂರ್ತಿಯನ್ನು ಕಡೆದವರು ಅದರ ಕೊನೆಯನ್ನೂ ಯೋಚಿಸಿದ್ದಾರೋ ಇಲ್ಲವೋ ಎಂಬ ಕಡೆಯಿಂದ ನೋಡಿದರೆ ಮೂರೂ ಆದೇಶಗಳು ಒಂದೇ ಎಳೆಯಲ್ಲಿ ಕೂರುತ್ತವೆ.

ಆದೇಶಗಳು ಬಂದ ಬಗೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೂರ್ತಿ ವಿಸರ್ಜನೆಗೆ 2010ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. 2020ರ ಮೇ 12ರಂದು ಅದನ್ನು ಬಿಗಿ ಮಾಡಿ ಪಿಒಪಿ, ಥರ್ಮೋಕೋಲ್, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಮೂರೂ ಬೇಡ ಎಂದಿತು. ಕೋವಿಡ್ ಕಾರಣಕ್ಕೆ ಜಾರಿ ಒಂದು ವರ್ಷ ಮುಂದೆ ಹೋಯಿತು. ಆಮೇಲಿನ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲಿ ‘ಈ ಸಲ ಮೂರ್ತಿಗಳು ಆಗಲೇ ತಯಾರಾಗಿವೆ, ಮುಂದಿನ ಸಲ ನೋಡೋಣ’ ಎಂಬುದೇ ನಡೆದುಕೊಂಡು ಬಂತು. ಥಾಣೆಯ ಪರಿಸರ ಕಾರ್ಯಕರ್ತರೊಬ್ಬರೂ ಮಣ್ಣಿನ ಮೂರ್ತಿ ಮಾಡುವ ಕೆಲವರೂ ಬಾಂಬೆ ಹೈಕೋರ್ಟಿಗೆ ಹೋದರು. 2025ರ ಜನವರಿ 30ರಂದು, ಮಾಘಿ ಗಣೇಶ ಜಯಂತಿಗೆ ಎರಡು ದಿನ ಇರುವಾಗ, ಮಾರ್ಗಸೂಚಿಯನ್ನು ಈಗಿಂದೀಗಲೇ ಪಾಲಿಸಿ ಎಂದು ಕೋರ್ಟ್ ಹೇಳಿತು. ಬಟ್ಟೆ ಹೊದ್ದು ನಿಂತ ಮೂರ್ತಿಗಳು ಆ ಆದೇಶದ ಫಲ.

ರಾಜ್ಯ ಸರ್ಕಾರ ಅಣು ವಿಜ್ಞಾನಿ ಅನಿಲ್ ಕಾಕೋಡ್ಕರ್ ನೇತೃತ್ವದ ರಾಜೀವ್ ಗಾಂಧಿ ವಿಜ್ಞಾನ ಮತ್ತು ತಂತ್ರಜ್ಞಾನ ಆಯೋಗದಿಂದ ಪಿಒಪಿ ಬಗ್ಗೆ ವರದಿ ತರಿಸಿ ಕೇಂದ್ರ ಮಂಡಳಿಯ ಮುಂದಿಟ್ಟಿತು. ಮಂಡಳಿ ತನ್ನ ಮಾತನ್ನು ಸ್ವಲ್ಪ ಸಡಿಲಿಸಿತು: ಆಕ್ಷೇಪ ಇರುವುದು ನೈಸರ್ಗಿಕ ನೀರಿಗೆ ಬಿಡುವುದಕ್ಕೆ, ಮೂರ್ತಿ ಮಾಡುವುದಕ್ಕಲ್ಲ. ಅದರ ಮೇಲೆ ಜೂನ್ 9ರಂದು ತಯಾರಿ, ಮಾರಾಟದ ಮೇಲಿನ ತಡೆ ತೆರವಾಯಿತು. ಜುಲೈ 24ರಂದು ಆರು ಅಡಿಯ ಗೆರೆ ಬಂತು. ಸರ್ಕಾರ ಕೇಳಿದ್ದು ಐದು ಅಡಿ. ಇನ್ನಷ್ಟು ಮೂರ್ತಿಗಳು ಕೊಳಕ್ಕೇ ಬರಲಿ ಎಂದು ಕೋರ್ಟ್ ಆರು ಮಾಡಿತು. ಈ ಏರ್ಪಾಡು 2026ರ ಮಾರ್ಚ್‌ವರೆಗೆ ಎಂದಾಗಿತ್ತು. ಪಿಒಪಿ ಮೂರ್ತಿಯ ಬೆನ್ನಿಗೆ ಕೆಂಪು ಗುರುತು ಹಾಕಬೇಕೆಂಬುದೂ ನಿಯಮದಲ್ಲಿ ಸೇರಿತು. ಅದೇ ಜುಲೈನಲ್ಲಿ ಸರ್ಕಾರ ಗಣೇಶೋತ್ಸವವನ್ನು ರಾಜ್ಯ ಮಹೋತ್ಸವ ಎಂದೂ ಘೋಷಿಸಿತ್ತು. ಮಹೋತ್ಸವವೂ ಬೇಕು, ನಿರ್ಬಂಧವೂ ಇರಬೇಕು ಎಂಬ ಇಕ್ಕಟ್ಟು ಸರ್ಕಾರದ ಪ್ರತಿ ಹೇಳಿಕೆಯಲ್ಲೂ ಕಾಣುತ್ತಿತ್ತು.

ಮಣ್ಣೇ ಯಾಕೆ

ಗಣಪತಿ ‘ಕೂರಿಸುವುದು’, ಗಣಪತಿ ‘ಬಿಡುವುದು’: ನಮ್ಮ ಮಾತಿನಲ್ಲೇ ಹಬ್ಬದ ಎರಡು ತುದಿಗಳಿವೆ. ಶಾಸ್ತ್ರದಲ್ಲಿ ಇದು ಪಾರ್ಥಿವ ಪೂಜೆ, ಅಂದರೆ ಪೃಥ್ವಿಯಿಂದ ಆದದ್ದರ ಪೂಜೆ. ಮಣ್ಣಿಗೆ ಪ್ರಾಣಪ್ರತಿಷ್ಠೆ ಮಾಡಿ, ದಿನ ತುಂಬಿದ ಮೇಲೆ ‘ಯಾಂತು ದೇವಗಣಾಃ ಸರ್ವೇ ಪೂಜಾಮಾದಾಯ ಪಾರ್ಥಿವೀಮ್’ ಎಂದು ಕಳುಹಿಸಿಕೊಟ್ಟು, ‘ಪುನರಾಗಮನಾಯ ಚ’ ಎಂದು ಮರಳಿ ಕರೆಯುತ್ತೇವೆ. ಮರಾಠಿಯ ‘ಪುಢಚ್ಯಾ ವರ್ಷೀ ಲವಕರ್ ಯಾ’ ಎಂಬ ಕೂಗು ಅದೇ ಮಾತಿನ ಬೀದಿ ರೂಪ.

ಹೋಗುವುದಿದ್ದರೆ ತಾನೇ ಮತ್ತೆ ಬಾ ಅನ್ನುವುದು? ಮಣ್ಣು ಕರಗಿ ಆಕಾರ ಅಳಿಯುವುದು ಈ ಪೂಜೆಯ ಅಂಗ. ಮೂರ್ತಿಯ ವಿನ್ಯಾಸದಲ್ಲಿ ಅದರ ಕೊನೆ ಮೊದಲೇ ಅಡಗಿದೆ. ದೇವಸ್ಥಾನದ ಕಲ್ಲಿನ ಮೂರ್ತಿಯನ್ನು ಉಳಿಯಲೆಂದು ಕಡೆಯುತ್ತಾರೆ, ಚೌತಿಯ ಮೂರ್ತಿಯನ್ನು ಅಳಿಯಲೆಂದು. ಒಂದೇ ದೇವರು, ಆದರೆ ಎರಡು ಬೇರೆ ಬೇರೆ ಕುಶಲಕಲೆ. ಪಿಒಪಿ ಬಂದಾಗ ಮೂರ್ತಿಕಾರರು ಉಳಿಯುವ ವಸ್ತುವಿನಲ್ಲಿ ಅಳಿಯುವ ಮೂರ್ತಿ ಮಾಡತೊಡಗಿದರು. ತೊಡಕು ಶುರುವಾದದ್ದು ಅಲ್ಲಿಂದ.

ನೀರಿನೊಳಗೆ ನಡೆಯುವುದೇನು

ಜಿಪ್ಸಂ ಕಲ್ಲನ್ನು 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿದರೆ ಅದರೊಳಗೆ ಬಂಧಿಯಾಗಿರುವ ನೀರಿನಲ್ಲಿ ಮುಕ್ಕಾಲು ಪಾಲು ಹೋಗಿ ಬಿಳಿ ಪುಡಿ ಉಳಿಯುತ್ತದೆ. ಅದು ಪಿಒಪಿ. ನೀರು ಬೆರೆಸಿದರೆ ಕಳೆದುಕೊಂಡ ನೀರನ್ನು ಮತ್ತೆ ಹಿಡಿದುಕೊಂಡು ಅರ್ಧ ಗಂಟೆಯೊಳಗೆ ಗಟ್ಟಿಯಾಗುತ್ತದೆ. ಅಂದರೆ ಮೂರ್ತಿಯಲ್ಲಿರುವುದು ಪುಡಿಯಲ್ಲ, ಪುನಃ ಜಿಪ್ಸಂ, ಕೃತಕವಾಗಿ ಅಚ್ಚಿಗೆ ಬಂದ ಕಲ್ಲು.

ಜಿಪ್ಸಂ ಕರಗುವುದೇ ಇಲ್ಲ ಎಂಬ ಮಾತು ತಪ್ಪು. ಲೀಟರ್ ನೀರಿಗೆ ಎರಡರಿಂದ ಎರಡೂವರೆ ಗ್ರಾಂ ಕರಗುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಮೂರು ಕಿಲೋದ ಮನೆ ಗಣಪತಿಯನ್ನು 20 ಲೀಟರ್ ಬಕೆಟ್ಟಿನಲ್ಲಿಟ್ಟರೆ 50 ಗ್ರಾಂ ಕರಗಿ, ಉಳಿದದ್ದು ಹಾಗೇ ಕೂತಿರುತ್ತದೆ. ಪೂರ್ತಿ ಕರಗಬೇಕೆಂದರೆ 1,200 ಲೀಟರಿಗೂ ಹೆಚ್ಚು ನೀರು ಬೇಕು, ಅಂದರೆ ಕಟ್ಟಡದ ತಾರಸಿಯ ಮೇಲಿನ ಸಾವಿರ ಲೀಟರ್ ಟ್ಯಾಂಕ್ ಕೂಡ ಸಾಲದು. ಬಣ್ಣದ ಪದರ ನೀರನ್ನು ಒಳಗೆ ಬಿಡದ ಕಾರಣ ತಿಂಗಳುಗಟ್ಟಲೆ ಕಾಯಬೇಕು.

ಪಿಒಪಿ ಪರ ಇರುವವರ ಒಂದು ಮಾತಿನಲ್ಲಿ ಹುರುಳಿದೆ. ಜಿಪ್ಸಂ ವಿಷವಲ್ಲ, ರೈತರು ಚೌಳು ಭೂಮಿ ಸರಿಪಡಿಸಲು ಅದನ್ನೇ ಹಾಕುತ್ತಾರೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಮೊದಲೇ ಇದೆ. ಹಾಗಾದರೆ ಕೆಡುಕು ಎಲ್ಲಿ? ಮೂರು ಕಡೆ. ಮೊದಲನೆಯದು ಬಣ್ಣ: ಎಣ್ಣೆ ಬಣ್ಣ, ಹೊಳಪಿನ ಫ್ಲೋರೊಸೆಂಟ್, ಚಿನ್ನದ ಬಣ್ಣದ ಲೋಹದ ಪುಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದ್ದರೂ ಬಿಡಿಯಾಗಿ ಕೊಳ್ಳುವ ಬಣ್ಣದ ಪುಡಿಯ ಪೊಟ್ಟಣದ ಮೇಲೆ ಅದನ್ನು ಹುಡುಕುವವರು ಕಡಿಮೆ. ಎರಡನೆಯದು ಹೂಳು: ಅರೆಬರೆ ಕರಗಿದ ಬಿಳಿ ಕೆಸರು ತಳಕ್ಕೆ ಹೊದಿಕೆಯಂತೆ ಕೂತು ಅಲ್ಲಿನ ಜೀವಗಳ ಉಸಿರು ಕಟ್ಟಿಸುತ್ತದೆ. ಕೆರೆ, ಕೊಳದಲ್ಲಿ ಇದರ ಹೊಡೆತ ಹೆಚ್ಚು, ತೆರೆದ ಕಡಲಲ್ಲಿ ಕಡಿಮೆ.

ಮೂರನೆಯದರ ಬಗ್ಗೆ ಮಾತಾಡುವವರೇ ಇಲ್ಲ. ಹೂವು, ಪತ್ರೆ, ಗರಿಕೆ ಎಲ್ಲ ಸೇರಿದ ನಿರ್ಮಾಲ್ಯ ಜಿಪ್ಸಂ ಜೊತೆ ಗಾಳಿಯಾಡದ ಕೆಸರಿನಲ್ಲೋ ಕಸದ ರಾಶಿಯಲ್ಲೋ ಕೊಳೆತರೆ, ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಕೃತಕ ಕೊಳದ ಪಕ್ಕ ನಿರ್ಮಾಲ್ಯ ಕಲಶ ಬೇರೆ ಇಟ್ಟಿರುವುದು ಬರೀ ಶಿಸ್ತಿಗಲ್ಲ, ಎರಡೂ ಬೆರೆತರೆ ಒಂದೊಂದೂ ಮಾಡುವುದಕ್ಕಿಂತ ಕೆಟ್ಟದ್ದಾಗುತ್ತದೆ.

ಕಾರ್ಖಾನೆಯ ಲೆಕ್ಕ

ರಾಯಗಡ ಜಿಲ್ಲೆಯ ಪೇಣ್‌ನಿಂದ ಲಕ್ಷಗಟ್ಟಲೆ ಮೂರ್ತಿಗಳು ಹೊರಡುತ್ತವೆ. ಮುಂಬೈಯ ಪರೇಲ್, ಲಾಲ್‌ಬಾಗ್‌ನ ಕಾರ್ಖಾನೆಗಳಲ್ಲಿ ಮಂಡಳಗಳ ದೊಡ್ಡ ಮೂರ್ತಿಗಳು ಎದ್ದು ನಿಲ್ಲುತ್ತವೆ. ಇಲ್ಲಿನವರು ಪಿಒಪಿ ಹಿಡಿದದ್ದು ಭಕ್ತಿ ಕಡಿಮೆಯಾಗಿ ಅಲ್ಲ.

ಕೆಲಸ ಹೀಗೆ ಸಾಗುತ್ತದೆ. ಮೊದಲ ಮೂರ್ತಿಯನ್ನು ಮಣ್ಣಿನಲ್ಲೇ ಮಾಡುತ್ತಾರೆ. ಅದರ ಮೇಲೆ ರಬ್ಬರಿನ ಅಚ್ಚು, ಅಚ್ಚು ಸೊಟ್ಟಗಾಗದಂತೆ ಹೊರಗೊಂದು ಗಟ್ಟಿ ಕವಚ. ಹತ್ತು ಕಿಲೋ ಪುಡಿಗೆ ಆರೇಳು ಲೀಟರ್ ನೀರು ಬೆರೆಸಿ, ಮೊದಲು ತೆಳ್ಳಗಿನ ಒಂದು ಕೋಟಿಂಗ್ ಬಳಿಯುತ್ತಾರೆ. ಮುಖ, ಬೆರಳು, ಕಿರೀಟದ ಗೆರೆ ಮೂಡುವುದು ಇದರಲ್ಲಿ. ಆಮೇಲೆ ತೆಂಗಿನ ನಾರನ್ನು ಪಿಒಪಿಯಲ್ಲಿ ಅದ್ದಿ ಒಳಗೋಡೆಗೆ ಒತ್ತುತ್ತಾರೆ. ಒಳಗೆ ಟೊಳ್ಳು, ಗೋಡೆ ಬೆರಳು ದಪ್ಪ. ಅರ್ಧ ಗಂಟೆಗೆ ಅಚ್ಚು ಬಿಚ್ಚಿದರೆ ಮುಂದಿನದಕ್ಕೆ ರೆಡಿ. ಒಂದೇ ಅಚ್ಚಿನಿಂದ ದಿನಕ್ಕೆ ಹಲವು ಮೂರ್ತಿ.

ಮಣ್ಣಿನಲ್ಲಿ ಇದೇ ಮೂರ್ತಿ ಒಣಗಲು ನೆರಳಿನಲ್ಲಿ ಎಂಟು, ಹತ್ತು ದಿನ ಬೇಕು. ಜುಲೈ ಮಳೆಯಲ್ಲಿ ಇನ್ನೂ ಹೆಚ್ಚು. ಪಿಒಪಿ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಹಿಗ್ಗುತ್ತದೆ, ಅದಕ್ಕೇ ಅಚ್ಚಿನ ಮೂಲೆಮೂಲೆಗೂ ತುಂಬಿಕೊಂಡು ಗೆರೆ ಚೂಪಾಗಿ ಬರುತ್ತದೆ. ಮಣ್ಣು ಒಣಗುವಾಗ ಕುಗ್ಗುತ್ತದೆ. ದಪ್ಪ ಹೊಟ್ಟೆ ನಿಧಾನ, ತೆಳ್ಳಗಿನ ಸೊಂಡಿಲು ಬೇಗ. ಕುಗ್ಗುವ ವೇಗ ಬೇರೆಯಾದಲ್ಲಿ ಬಿರುಕು. ಕಿವಿ, ಸೊಂಡಿಲು ಸೇರುವ ಜಾಗ, ಅಭಯಹಸ್ತದ ಮಣಿಕಟ್ಟು ಮೊದಲು ಒಡೆಯುವ ಜಾಗಗಳು. ತೂಕವೂ ಜಾಸ್ತಿ. ಪೇಣ್‌ನಿಂದ ಟೆಂಪೋದಲ್ಲಿ ಹೊಂಡ ಹಾರಿಸಿಕೊಂಡು ಡೊಂಬಿವಲಿ ಮುಟ್ಟುವಾಗ ನೂರರಲ್ಲಿ ಕೆಲವು ಮುಕ್ಕಾದರೆ ಆ ನಷ್ಟ ಮೂರ್ತಿಕಾರನದ್ದು. ಮುಕ್ಕಾದ ದೇವರನ್ನು ಯಾರೂ ಅರ್ಧ ಬೆಲೆಗೂ ಒಯ್ಯುವುದಿಲ್ಲ.

ಹಾಗಂತ ಎತ್ತರದ ಮೂರ್ತಿಗೆ ಪಿಒಪಿಯೇ ಗತಿ ಎನ್ನುವುದನ್ನು ಒಪ್ಪುವಂತಿಲ್ಲ. ಮುಂಬೈಯ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಸೇವಾ ಮಂಡಳದ ಗಣಪತಿ ನಮ್ಮ ಕರಾವಳಿಯವರಿಗೆಲ್ಲ ಗೊತ್ತು. 2025ರಲ್ಲಿ ₹474 ಕೋಟಿಯ ವಿಮೆ ಎಂದು ಪತ್ರಿಕೆಗಳು ಬರೆದದ್ದು ಈ ಮಂಡಳದ ಬಗ್ಗೆಯೇ. ಈ ವಿಮೆಯ ಗದ್ದಲದಲ್ಲಿ ಮರೆತುಹೋಗುವ ಸಂಗತಿ ಏನೆಂದರೆ, ಹದಿನಾಲ್ಕು ಅಡಿ ಆಸುಪಾಸಿನ ಆ ಮೂರ್ತಿ ಹುಲ್ಲು ಮತ್ತು ಶಾಡೂ ಎಂಬ ನುಣ್ಣನೆಯ ಜೇಡಿಮಣ್ಣಿನದು. ಕೋಲ್ಕತ್ತದ ಮೂರ್ತಿಕಾರರ ಕೇರಿ ಕುಮಾರಟುಲಿಯ ದುರ್ಗೆಯರೂ ಹಾಗೆಯೇ: ಬಿದಿರಿನ ಚೌಕಟ್ಟು, ಹುಲ್ಲಿನ ಒಡಲು, ಮೇಲೆ ಪದರ ಪದರವಾಗಿ ಮಣ್ಣು. ವಿಸರ್ಜನೆಯಾದ ಕೂಡಲೇ ಚೌಕಟ್ಟನ್ನು ಕ್ರೇನ್‌ನಿಂದ ಎಳೆದು ತೆಗೆಯುತ್ತಾರೆ, ಕೆಲವು ಮತ್ತೆ ಬಳಕೆಗೆ ಬರುತ್ತವೆ.

ಮಣ್ಣಿನಲ್ಲಿ ಎತ್ತರ ಸಾಧ್ಯ, ಆದರೆ ಅದಕ್ಕೆ ವಾರಗಟ್ಟಲೆ ಕೆಲಸ ಬೇಕು, ಮೂರ್ತಿಯನ್ನು ಆದಷ್ಟು ಕಡಿಮೆ ಅಲುಗಿಸಬೇಕು. ಮುಂಬೈಯ ‘ಆಗಮನ’ ಮೆರವಣಿಗೆಗಳಿಗೆ ಬೇಕಾಗಿರುವುದು ಅದಕ್ಕೆ ಉಲ್ಟಾ: ಪರೇಲ್‌ನಿಂದ ಹೊರಟು ಊರು ಸುತ್ತಿ, ಡ್ರೋನ್ ಕ್ಯಾಮೆರಾಕ್ಕೆ ನಿಂತು, ಫ್ಲೈಓವರ್ ಕೆಳಗೆ ನುಸುಳಿ ಬರುವ ಹಗುರ ಮೂರ್ತಿ. ಪಿಒಪಿಯನ್ನು ನಿಜವಾಗಿ ಬೇಡುವುದು ಎತ್ತರವಲ್ಲ, ಈ ಓಡಾಟ ಎಂದೇ ಅನಿಸುತ್ತದೆ.

ಶಾಡೂ ಕೂಡ ಪೂರ್ತಿ ಸಾಚಾ ಅಲ್ಲ

ಶಾಡೂ ಮಣ್ಣು ಇಲ್ಲಿನ ಹೊಲದ್ದಲ್ಲ, ಬಹುಪಾಲು ಗುಜರಾತಿನ ಭಾವನಗರ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ನೀರಿಗೆ ಬಿದ್ದರೆ ಕೆಲವು ತಾಸಿನಲ್ಲಿ ಕಳಚಿಕೊಳ್ಳುತ್ತದೆ, ಆದರೆ ಸಕ್ಕರೆಯಂತೆ ಕರಗುವುದಿಲ್ಲ. ನುಣ್ಣಗಿನ ಹೂಳಾಗಿ ತಳಕ್ಕೆ ಕೂರುತ್ತದೆ. ಒಂದು ಸಣ್ಣ ಕೆರೆಗೆ ಹತ್ತು ಸಾವಿರ ಶಾಡೂ ಮೂರ್ತಿ ಬಿಟ್ಟರೆ ಕೆರೆ ಹೂಳುವುದು ಖಂಡಿತ. ಎಣ್ಣೆ ಬಣ್ಣ ಬಳಿದ ಶಾಡೂ ಮೂರ್ತಿಯಂತೂ ಹೆಸರಿಗೆ ಮಾತ್ರ ಪರಿಸರಸ್ನೇಹಿ. ಅದರಲ್ಲಿ ಬಣ್ಣ ಬೇಗ ಬಿಟ್ಟುಕೊಂಡು ನೀರಿಗೆ ಸೇರುತ್ತದೆ, ಅಷ್ಟೇ ವ್ಯತ್ಯಾಸ. ಕಾಗದದ ತಿರುಳಿನ ಮೂರ್ತಿ ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ, ಮುದ್ರಣದ ಶಾಯಿಯನ್ನೂ ಬಿಡುತ್ತದೆ.

ಶಾಡೂವಿನ ಲಾಭ ಬೇರೆ ಕಡೆ ಇದೆ. ಅದನ್ನು ಮತ್ತೆ ಕಲಸಬಹುದು. ಪುಣೆಯಲ್ಲಿ ‘ಪುನರಾವರ್ತನ’ ಹೆಸರಿನ ಅಭಿಯಾನ ಮನೆಯಲ್ಲಿ ಬಿಟ್ಟ ಗಣಪತಿಯ ಶಾಡೂ ಸಂಗ್ರಹಿಸಿ ಮೂರ್ತಿಕಾರರಿಗೆ ವಾಪಸು ಕೊಡುತ್ತದೆ. ಸೋಸಿ, ಕಲ್ಲುಕಸ ತೆಗೆದು, ಸ್ವಲ್ಪ ಹೊಸ ಮಣ್ಣು ಸೇರಿಸಿದರೆ ಮುಂದಿನ ವರ್ಷಕ್ಕೆ ಅದೇ ಮಣ್ಣು. ‘ಪುನರಾಗಮನಾಯ ಚ’ ಎಂಬುದಕ್ಕೆ ಇದಕ್ಕಿಂತ ಅಕ್ಷರಶಃ ಅರ್ಥ ಇನ್ನೆಲ್ಲಿ ಸಿಕ್ಕೀತು?

ಯಾರು ಏನನ್ನುತ್ತಾರೆ

ಅರ್ಜಿದಾರರ ವಾದ ಸರಳ: 2020ರ ನಿಯಮ ಇತ್ತು, ಐದು ವರ್ಷ ಪಾಲಿಸಲಿಲ್ಲ, ನಿಯಮ ನಂಬಿ ಮಣ್ಣಿಗೆ ಮರಳಿದ ಮೂರ್ತಿಕಾರರು ಅಗ್ಗದ ಪಿಒಪಿ ಎದುರು ಸೋತರು. ಈ ಕೊನೆಯ ಮಾತಿಗೆ ಉತ್ತರ ಕೊಟ್ಟವರಿಲ್ಲ. ಪಿಒಪಿ ಮೂರ್ತಿಕಾರರು ಸಾಲ ಮಾಡಿ ಹಾಕಿಸಿದ ಅಚ್ಚು, ವರ್ಷವಿಡೀ ನಡೆಯುವ ಕೆಲಸ, ಸಾವಿರಾರು ಕುಟುಂಬ ಎನ್ನುತ್ತಾರೆ. ಅದೂ ಸುಳ್ಳಲ್ಲ. ಇಪ್ಪತ್ತಡಿ ಮೀರಿದ ಮೂರ್ತಿಗಳು ನೂರು ವರ್ಷದ ಸಾರ್ವಜನಿಕ ಪರಂಪರೆಯ ಅವಿಭಾಜ್ಯ ಅಂಗ ಎಂದು ಸರ್ಕಾರ ಕೋರ್ಟಿನಲ್ಲಿ ಹೇಳಿತು.

ಪರಂಪರೆಯ ಮಾತನ್ನು ಇತಿಹಾಸದ ಎದುರು ಇಟ್ಟು ನೋಡಬೇಕು. ಪುಣೆಯಲ್ಲಿ ಭಾವೂಸಾಹೇಬ್ ರಂಗಾರಿಯವರ ಗಣಪತಿ 1892ರದ್ದು, ತಿಲಕರು ಉತ್ಸವಕ್ಕೆ ರಾಜಕೀಯ ರೂಪ ಕೊಟ್ಟದ್ದು 1893ರಿಂದ, ಗಿರ್ಗಾಂವ್‌ನ ಕೇಶವಜಿ ನಾಯಕ್ ಚಾಳಿನ ಗಣಪತಿಯೂ ಆ ವರ್ಷದ್ದೇ. ಜನ ಸೇರುವುದು ಅಂದಿನ ಉದ್ದೇಶ. ಮೂರ್ತಿ ಎಷ್ಟು ಅಡಿ ಎಂಬುದು ಆಮೇಲಿನ ಪೈಪೋಟಿ. 2020ರಲ್ಲಿ ಸರ್ಕಾರವೇ ಮಂಡಳಕ್ಕೆ ನಾಲ್ಕು ಅಡಿ, ಮನೆಗೆ ಎರಡು ಅಡಿ ಎಂದು ಮಿತಿ ಹಾಕಿತ್ತು. ಲಾಲ್‌ಬಾಗ್‌ನಲ್ಲಿ ಆ ವರ್ಷ ‘ರಾಜ’ ಎಂದೇ ಹೆಸರಾದ ಗಣಪತಿಯನ್ನೇ ಕೂರಿಸದೆ ರಕ್ತದಾನ, ಪ್ಲಾಸ್ಮಾ ದಾನ ನಡೆಸಿದರು. ಹಬ್ಬವೇನೂ ನಿಲ್ಲಲಿಲ್ಲ. ಸಾಂಕ್ರಾಮಿಕದ ವರ್ಷವನ್ನು ಮಾಮೂಲಿ ವರ್ಷಕ್ಕೆ ಹೋಲಿಸಬಾರದು ಎಂಬುದು ಒಪ್ಪತಕ್ಕ ಆಕ್ಷೇಪ. ಆದರೂ ಅಡಿಯ ಲೆಕ್ಕ ಶಾಸ್ತ್ರದಿಂದ ಬಂದದ್ದಲ್ಲ ಎಂಬುದಂತೂ ಆಗ ಸಾಬೀತಾಯಿತು.

ಪುಣೆಯ ಉಪಾಯ, ಗೋವಾದ ರೂಢಿ

ಪುಣೆ ಈ ತೊಡಕನ್ನು ಸದ್ದಿಲ್ಲದೆ ಬಿಡಿಸಿಕೊಂಡಿದೆ. ಅಲ್ಲಿನ ಹಲವು ದೊಡ್ಡ ಮಂಡಳಗಳ ಮುಖ್ಯ ಮೂರ್ತಿ ಶಾಶ್ವತ. ದಗಡೂಶೇಠ್ ಹಲವಾಯಿ ಗಣಪತಿ ಮೆರವಣಿಗೆ ಮುಗಿಸಿ ತನ್ನ ದೇವಸ್ಥಾನಕ್ಕೆ ಮರಳುತ್ತಾನೆ. ತುಳಶಿಬಾಗ್‌ನ ದೊಡ್ಡ ಮೂರ್ತಿ ಫೈಬರಿನದು. ಮುಳುಗುವುದು ಜೊತೆಯ ಸಣ್ಣ ಉತ್ಸವಮೂರ್ತಿ. ನೋಡುವ ಮೂರ್ತಿ ಬೇರೆ, ಬಿಡುವ ಮೂರ್ತಿ ಬೇರೆ: ಉತ್ಸವಮೂರ್ತಿ, ಮೂಲಮೂರ್ತಿ ಎಂಬ ನಮ್ಮ ದೇವಸ್ಥಾನಗಳ ಹಳೆಯ ಭೇದವೇ ಇಲ್ಲಿ ಕೆಲಸಕ್ಕೆ ಬಂದಿದೆ. ಎತ್ತರಕ್ಕೂ ಕರಗುವಿಕೆಗೂ ಗಂಟು ಬಿಚ್ಚಿದ ಮೇಲೆ ವಸ್ತುವಿನ ಜಗಳವೇ ಉಳಿಯುವುದಿಲ್ಲ.

ಗೋವಾದಲ್ಲಿ ಚೌತಿ ಮನೆಯ ಹಬ್ಬ. ಮೂರ್ತಿ ಸಣ್ಣದು, ಮಣ್ಣಿನದು, ಊರಿನ ಚಿತ್ರಶಾಳೆಯಲ್ಲಿ ಮಾಡಿದ್ದು. ಮಣ್ಣಿನ ಮೂರ್ತಿಗೆ ಸರ್ಕಾರದ ಸಹಾಯಧನವೂ ಇದೆ. ಮೇಲೆ ಕಟ್ಟುವ ಮಾಟೋಳಿಯಲ್ಲಿ ಕಾಡಿನ ಹಣ್ಣು, ಕಾಯಿ, ಗೊನೆ. ಅಲ್ಲಿ ಕಲೆಗಾರಿಕೆ ಮೂರ್ತಿಯ ಎತ್ತರದಲ್ಲಿಲ್ಲ, ಆ ಚಪ್ಪರದಲ್ಲಿದೆ. ಕೆಲವು ಮನೆತನಗಳಲ್ಲಿ ಕಾಗದದ ಮೇಲೆ ಬರೆದ ಗಣಪತಿಗೇ ಪೂಜೆ. ಪೋರ್ಚುಗೀಸರ ಕಾಲದಲ್ಲಿ ಮೂರ್ತಿ ಇಟ್ಟುಕೊಳ್ಳುವುದು ಅಪಾಯವಾದಾಗ ಪೆಟ್ಟಿಗೆಯ ಮುಚ್ಚಳದೊಳಗೆ ಚಿತ್ರ ಅಂಟಿಸಿ ಮಾಡಿದ ಪೂಜೆ ಹಾಗೇ ಉಳಿದು ಬಂದಿದೆ. ಇಕ್ಕಟ್ಟಿನಲ್ಲಿ ಸಿಕ್ಕಿದ ಭಕ್ತರು ರೂಪವನ್ನು ಎಷ್ಟು ಧೈರ್ಯವಾಗಿ ಬದಲಿಸಿಕೊಳ್ಳಬಲ್ಲರು ಎಂಬುದಕ್ಕೆ ಇದು ಪುರಾವೆ.

ಪುಣೆಯ ಉಪಾಯ ಮುಂಬೈಗೆ ಯಾಕೆ ಬಾರದು? ಪ್ರತಿ ವರ್ಷ ಹೊಸ ರೂಪದ ಮೂರ್ತಿ ನೋಡಲೆಂದೇ ಮುಂಬೈಯ ಜನ ಬರುತ್ತಾರೆ. ಹೊಸ ಮೂರ್ತಿಯ ಆರ್ಡರ್‌ನಿಂದಲೇ ಕಾರ್ಖಾನೆ ನಡೆಯುತ್ತದೆ. ಹದಿನೆಂಟು ಅಡಿಯ ಫೈಬರ್ ಮೂರ್ತಿಯನ್ನು ವರ್ಷವಿಡೀ ಇಡಲು ಈ ಊರಿನಲ್ಲಿ ಜಾಗ ಎಲ್ಲಿಂದ ತರುವುದು? ಮೊದಲೆರಡು ಕಾರಣಗಳಿಗೆ ಪರಿಹಾರ ಇದೆ: ಶಾಶ್ವತ ಮೂರ್ತಿಗೆ ವರ್ಷವರ್ಷ ಹೊಸ ಅಲಂಕಾರ, ಹೊಸ ಪ್ರಭಾವಳಿ ಮಾಡಿಸಿದರೆ ಕೆಲಸವೂ ಉಳಿಯುತ್ತದೆ. ಮೂರನೆಯದು ನಿಜಕ್ಕೂ ಗಟ್ಟಿ ಕಾರಣ.

ಆರಡಿ ಗೆರೆಯ ಅಡ್ಡಪರಿಣಾಮ

ಮುಂಬೈ ಮಹಾನಗರಪಾಲಿಕೆ 2025ರಲ್ಲಿ ಸುಮಾರು 290 ಕೃತಕ ಕೊಳ ಮಾಡಿತು. ಹಿಂದಿನ ವರ್ಷ 200 ದಾಟಿದ್ದಷ್ಟೇ. ಎರಡು ಲಕ್ಷದ ಆಸುಪಾಸಿನ ಮೂರ್ತಿಗಳಲ್ಲಿ ಬಹುತೇಕ ಎಲ್ಲ ಮನೆಯವು, ಸಣ್ಣವು. ಹಾಗಾಗಿ ಎಣಿಕೆಯಲ್ಲಿ ನೋಡಿದರೆ ಆದೇಶದಿಂದ ದೊಡ್ಡ ಬದಲಾವಣೆಯೇ ಆಗಿದೆ. ತೂಕದಲ್ಲಿ ನೋಡಿದರೆ ಕಥೆ ಬೇರೆ. ಅದೇ ಆಕಾರದ ಮೂರ್ತಿಯ ಎತ್ತರ ಎರಡು ಪಟ್ಟಾದರೆ ಹೊರಮೈ ನಾಲ್ಕು ಪಟ್ಟಾಗುತ್ತದೆ. ಗೋಡೆಯ ದಪ್ಪ ಅಷ್ಟೇ ಇಟ್ಟುಕೊಂಡರೂ ಪಿಒಪಿ ನಾಲ್ಕು ಪಟ್ಟು, ಬಣ್ಣವೂ ನಾಲ್ಕು ಪಟ್ಟು. ಒಂದೂವರೆ ಅಡಿಯ ಮನೆ ಗಣಪತಿಗೂ ಹದಿನೆಂಟು ಅಡಿಯ ಮಂಡಳದ ಗಣಪತಿಗೂ ಹೊರಮೈಯಲ್ಲಿ 144 ಪಟ್ಟು ಅಂತರ. ಕಡಲಿಗೆ ಹೋಗುವ ಕೆಲವೇ ಸಾವಿರ ಮೂರ್ತಿಗಳನ್ನು ಹೀಗೆ ಗುಣಿಸಿ ನೋಡಬೇಕು.

ಇದರ ಜೊತೆಗೆ ಗೆರೆಯೇ ಒಂದು ಆಮಿಷವಾಗುತ್ತದೆ. ಐದೂವರೆ ಅಡಿಯ ಮೂರ್ತಿ ತಂದ ಮಂಡಳ ಕೊಳದ ಸಾಲಿನಲ್ಲಿ ನಿಲ್ಲಬೇಕಿತ್ತು, ಏಳು ಅಡಿಯದು ತಂದರೆ ಚೌಪಾಟಿಗೆ (ಕಡಲತೀರಕ್ಕೆ) ಹೋಗಬಹುದಿತ್ತು. ಹೆಚ್ಚು ಮೂರ್ತಿಗಳು ಕೊಳಕ್ಕೆ ಬರಲಿ ಎಂದು ಹಾಕಿದ ಗೆರೆ ನಡುವಿನ ಅಳತೆಯವರನ್ನು ಮೇಲಕ್ಕೆ ತಳ್ಳುವ ಸಾಧ್ಯತೆ ಇದೆ. ಅತ್ತ ಕೊಳದ ಆಳ ಮೂರ್ತಿಯ ಎತ್ತರಕ್ಕಿಂತ ಕಡಿಮೆಯಾದರೆ ಗಣಪತಿ ಎದೆಮಟ್ಟ ನೀರಿನಲ್ಲಿ ನಿಲ್ಲುತ್ತಾನೆ. ಮೂರ್ತಿಯನ್ನು ಅಂಗಾತ ಮಲಗಿಸಬೇಕಾಗುತ್ತದೆ, ಟೊಳ್ಳು ಮೂರ್ತಿ ತೇಲುತ್ತದೆ, ನೀರು ತುಂಬಲು ಕೆಳಗೆ ತೂತು ಮಾಡಬೇಕಾಗುತ್ತದೆ. ನೋಡುವವರಿಗೆ ಇದು ಅಪಚಾರ ಅನಿಸುವುದು ಸಹಜ. ಮರುದಿನ ಜೆಸಿಬಿ ಮೂರ್ತಿಗಳನ್ನು ಎತ್ತುವ ವಿಡಿಯೋ ಫೋನಿನಿಂದ ಫೋನಿಗೆ ಓಡಿದರೆ ಮುಂದಿನ ವರ್ಷ ಕೊಳಕ್ಕೆ ಬರುವವರು ಕಡಿಮೆಯಾಗುತ್ತಾರೆ. ಮಾಲಿನ್ಯದ ಅಂಕಿಗಿಂತ ಇಂಥ ಒಂದು ದೃಶ್ಯ ಬಲವಾಗಿ ಕೆಲಸ ಮಾಡುತ್ತದೆ. ಆದರೂ ಕೊಳದ ಟೆಂಡರ್‌ನಲ್ಲಿ ಇದನ್ನು ಇಂಜಿನಿಯರಿಂಗ್ ಕೆಲಸ ಎಂದಷ್ಟೇ ನೋಡುತ್ತಾರೆ, ವಿನ್ಯಾಸಕಾರರ, ಪುರೋಹಿತರ ಮಾತು ಕೇಳುವವರಿಲ್ಲ.

ಎತ್ತರದ ಬೆಲೆ ಏನೆಂದು 2025ರ ಸೆಪ್ಟೆಂಬರ್ 7ರಂದು ಇಡೀ ಊರು ನೋಡಿತು. ಲಾಲ್‌ಬಾಗ್‌ನ ರಾಜ ಗಿರ್ಗಾಂವ್ ಚೌಪಾಟಿ ಮುಟ್ಟುವಷ್ಟರಲ್ಲಿ ಉಬ್ಬರ ಏರಿತ್ತು. ಹೊಸ ಯಾಂತ್ರಿಕ ತೆಪ್ಪಕ್ಕೆ ಮೂರ್ತಿಯನ್ನು ಏರಿಸಲಾಗದೆ ತಾಸುಗಟ್ಟಲೆ ನೀರಿನಲ್ಲೇ ನಿಲ್ಲಿಸಿದ್ದರು. ವಿಸರ್ಜನೆ ಆದದ್ದು ರಾತ್ರಿ. ಅಂದೇ ಚಂದ್ರಗ್ರಹಣ ಬೇರೆ; ಅದರ ಬಗ್ಗೆ ಎದ್ದ ಗದ್ದಲ ಇನ್ನೊಂದು.

ಮನೆಯವರು ಮಾಡಬಹುದಾದದ್ದು

ಅಂಗಡಿಯವನು ‘ಶಾಡೂವೇ’ ಎಂದರೆ ನಂಬಬೇಕಿಲ್ಲ. ಬೆನ್ನಿನ ಕೆಂಪು ಗುರುತು ನೋಡಿ. ಗುರುತಿಲ್ಲದಿದ್ದರೆ ಮೂರ್ತಿ ಎತ್ತಿ ತಳ ನೋಡಿ: ಬಣ್ಣವಿಲ್ಲದ ಜಾಗಕ್ಕೆ ಒಂದು ಹನಿ ನೀರು ಹಾಕಿ ನಿಮಿಷ ಬಿಟ್ಟು ಬೆರಳಿನಿಂದ ಉಜ್ಜಿದರೆ ಶಾಡೂ ಜಿಗುಟಾಗಿ ಬೆರಳಿಗೆ ಹತ್ತುತ್ತದೆ. ಪಿಒಪಿ ನೀರು ಹೀರಿಕೊಂಡು ಗಟ್ಟಿಯಾಗೇ ಇರುತ್ತದೆ. ಒಳಗೆ ನಾರು ಕಂಡರೆ ಮತ್ತೆ ಪರೀಕ್ಷೆ ಬೇಡ.

ಪಿಒಪಿ ಮೂರ್ತಿಯನ್ನು ಮನೆಯಲ್ಲೇ ಕರಗಿಸುವ ವಿಧಾನವನ್ನು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ತೋರಿಸಿಕೊಟ್ಟಿದೆ. ಪುಣೆ ಪಾಲಿಕೆ ಅದಕ್ಕೆ ಪುಡಿಯನ್ನು ಉಚಿತವಾಗಿ ಹಂಚಿದೆ. ಪುಡಿ ಅಮೋನಿಯಂ ಬೈಕಾರ್ಬೊನೇಟ್, ಬೇಕರಿಯವರು ಬಿಸ್ಕತ್ತು ಉಬ್ಬಲು ಹಾಕುವುದೇ. ಮೂರ್ತಿಯ ತೂಕದಷ್ಟೇ ಪುಡಿ ಬೇಕು: ಮೂರು ಕಿಲೋಗೆ ಮೂರು ಕಿಲೋ. ಮೂರ್ತಿ ಪೂರ್ತಿ ಮುಳುಗುವ ಡ್ರಮ್ಮಿನಲ್ಲಿ 20 ಲೀಟರಿಗೆ ಕಡಿಮೆಯಾಗದಂತೆ ನೀರು ಹಾಕಿ ಪುಡಿ ಕರಗಿಸಿ, ಹೂವು, ಬಟ್ಟೆ, ಆಭರಣ ತೆಗೆದು ಮೂರ್ತಿ ಇಳಿಸಿ. ಎರಡು ಮೂರು ತಾಸಿಗೊಮ್ಮೆ ಕದಡಬೇಕು. ಕದಡದಿದ್ದರೆ ಮೂರ್ತಿಯ ಮೈಮೇಲೆ ಸುಣ್ಣದ ಪದರ ಕಟ್ಟಿಕೊಂಡು ಒಳಗಿನದು ಹಾಗೇ ಉಳಿಯುತ್ತದೆ. ಎರಡು ದಿನ ಹಿಡಿಯುತ್ತದೆ. ಗಾಳಿ ಗುಳ್ಳೆ ಏಳುವುದರಿಂದ ಮುಚ್ಚಳ ಬಿಗಿ ಮಾಡಬೇಡಿ. ಅಮೋನಿಯಾದ ಘಾಟು ಬರುವುದರಿಂದ ಡ್ರಮ್ ಬಾಲ್ಕನಿಯಲ್ಲಿರಲಿ, ಮಲಗುವ ಕೋಣೆಯಲ್ಲಿ ಬೇಡ.

ಮೂರು ಕಿಲೋ ಮೂರ್ತಿಯಿಂದ ಕೊನೆಗೆ ಒಂದೂ ಮುಕ್ಕಾಲು ಕಿಲೋ ಸುಣ್ಣದ ಪುಡಿ, ಎರಡು ಕಿಲೋ ಮೀರಿ ಅಮೋನಿಯಂ ಸಲ್ಫೇಟ್ ಬರುತ್ತದೆ. ಎರಡನೆಯದು ಗೊಬ್ಬರ, ಹೆಚ್ಚಿನ ನೀರು ಬೆರೆಸಿ ಗಿಡಕ್ಕೆ ಹಾಕಬಹುದು. ಸೀದಾ ಹಾಕಿದರೆ ಬೇರು ಸುಟ್ಟೀತು. ಮೂರ್ತಿಯ ಬಣ್ಣ ಅದೇ ನೀರಿನಲ್ಲಿ ಇರುವುದರಿಂದ ಸೊಪ್ಪು, ತರಕಾರಿ ಕುಂಡಕ್ಕೆ ಬೇಡ. ಮನೆಮಟ್ಟಿಗೆ ಇದು ಚೆಂದದ ಉಪಾಯ, ನಗರದ ಮಟ್ಟಕ್ಕೆ ಅಷ್ಟಾಗಿ ಅಲ್ಲ. ಲಕ್ಷ ಮನೆಗಳು ಹೀಗೆ ಮಾಡಿ ನೀರನ್ನು ಬಚ್ಚಲಿಗೆ ಸುರಿದರೆ 200 ಟನ್ನಿಗೂ ಮಿಕ್ಕಿ ಗೊಬ್ಬರ ಖಾಡಿ (ಊರೊಳಗೆ ಚಾಚಿದ ಕಡಲ ಹಿನ್ನೀರು) ಸೇರಿ ಪಾಚಿ ಬೆಳೆಸುತ್ತದೆ.

ಮಾರ್ಚ್‌ಗೆ ಮುನ್ನ

ಕೊಳದಿಂದ ತೆಗೆದ ಪಿಒಪಿಯನ್ನು ವೈಜ್ಞಾನಿಕವಾಗಿ ವಿಲೇವಾರಿ ಮಾಡುವ, ಮರುಬಳಸುವ ದಾರಿ ಹುಡುಕಲು ತಜ್ಞರ ಸಮಿತಿ ಬೇಕೆಂದೂ ಕೋರ್ಟ್ ಹೇಳಿದೆ. ರಸಾಯನಶಾಸ್ತ್ರ ಇದಕ್ಕೆ ಅಡ್ಡಿಯಿಲ್ಲ: ಜಿಪ್ಸಂ ಒಣಗಿಸಿ, ಪುಡಿ ಮಾಡಿ, ಮತ್ತೆ ಕಾಯಿಸಿದರೆ ಮತ್ತೆ ಪಿಒಪಿ. ಅಡ್ಡಿ ಇರುವುದು ಬಣ್ಣ, ನಾರು, ಕಂಬಿ, ಜೊತೆಗೆ ಬಿದ್ದ ಶಾಡೂ ಕೆಸರಿನಲ್ಲಿ. ಇವು ಬೆರೆತ ಪುಡಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ಸಿಮೆಂಟಿಗೋ ಹಲಗೆಗೋ ಹಾಕಲು ಹೊರಟರೂ ಬೇರ್ಪಡಿಸುವ ಖರ್ಚು ಇದ್ದೇ ಇದೆ. ಶಾಡೂ ಮತ್ತು ಪಿಒಪಿಗೆ ಬೇರೆ ಬೇರೆ ಕೊಳ ಇಟ್ಟು, ಕೆಂಪು ಗುರುತು ನೋಡಿ ಮೂರ್ತಿ ಬಿಡಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಗುರುತು ಇದ್ದೂ ಕೊಳ ಒಂದೇ ಆದರೆ ಗುರುತಿನಿಂದ ಏನು ಉಪಯೋಗ?

2025ರ ನವರಾತ್ರಿಯ ದೇವಿಗೂ 2026ರ ಮಾಘಿಗೂ ಅದೇ ಏರ್ಪಾಡು ಅನ್ವಯ ಎಂದಾಗಿತ್ತು. ಆ ಮೇಲಿನದನ್ನು ಹೊಸದಾಗಿ ತೀರ್ಮಾನಿಸಬೇಕಿತ್ತು. ಆದರೆ ಪೇಣ್‌ನಲ್ಲಿ ಮುಂದಿನ ಚೌತಿಯ ಕೆಲಸ ಮಾರ್ಚ್‌ವರೆಗೆ ಕಾಯುವುದಿಲ್ಲ. ದೀಪಾವಳಿ ಕಳೆದ ಮೇಲೆ ಅಚ್ಚುಗಳು ಹೊರಗೆ ಬರುತ್ತವೆ, ಮಾರ್ಚ್ ಹೊತ್ತಿಗೆ ಕಪಾಟಿನ ಸಾಲುಗಳಲ್ಲಿ ಬಿಳಿ ಗಣಪತಿಗಳು ಕೂತಾಗಿರುತ್ತವೆ. ನಿಯಮ ಆಮೇಲೆ ಬಂದರೆ ‘ಈ ಸಲ ಮೂರ್ತಿಗಳು ಆಗಲೇ ತಯಾರಾಗಿವೆ’ ಎಂಬ ಮಾತು ಇನ್ನೊಮ್ಮೆ ಕೋರ್ಟಿಗೆ ಬರುತ್ತದೆ.